ಒಂದು ತೋಳಿನ ರವಿಕೆ

ಮಧ್ಯಾಹ್ನ ನಾಲ್ಕು ಹತ್ತಕ್ಕೆ ಗುಡುಗಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅದಾದ ತುಸು ಹೊತ್ತಿಗೆ ನಮ್ಮ ಮನೆಯಲ್ಲಿ ಓಡುತ್ತ ಉಳಿದ ವಸ್ತು ಗೋಡೆ ಗಡಿಯಾರ ಒಂದೇ. ಮಿಕ್ಕಿದ್ದನ್ನೆಲ್ಲ ಅಪ್ಪ ನಿಲ್ಲಿಸಿದ್ದರು.

ಶಿಕಾರಿಪುರದಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಎಂದರೆ ಒಂದು ಕವಾಯತು. ಮೊದಲ ಸದ್ದಿಗೇ ಬೀದಿಯ ಪ್ರತಿ ಮನೆಯಲ್ಲೂ ಒಬ್ಬರು ಎದ್ದು ಓಡುತ್ತಾರೆ. ಟಿವಿ ಪಿನ್ನು, ಫ್ರಿಜ್ಜಿನ ಪಿನ್ನು, ಮಿಕ್ಸಿಯ ಪಿನ್ನು. ಸ್ವಿಚ್ಚು ಆರಿಸಿದರೆ ಸಾಲದು. ಪಿನ್ನು ಕಿತ್ತು ವೈರನ್ನು ಗೋಡೆಯಿಂದ ಒಂದು ಮೊಳ ಆಚೆ ಎಸೆಯಬೇಕು, ಸಿಡಿಲು ಜಿಗಿದರೂ ಹಿಡಿಯಲಾಗದಷ್ಟು ದೂರ. ಹಿಂದೆಂದೋ ಎದುರು ಮನೆಯ ಟಿವಿಯೊಂದು ಹೊಗೆ ಕಾರಿದ್ದನ್ನು ಕಂಡ ಮೇಲೆ ಅಪ್ಪ ಈ ಕವಾಯತಿನ ಸುಬೇದಾರರಾಗಿದ್ದಾರೆ. ಊಟಕ್ಕೆ ಕರೆದರೆ ಮೊಣಕಾಲು ಹಿಡಿದುಕೊಂಡು ಏಳುವವರು ಗುಡುಗಿಗೆ ಮಾತ್ರ ಚಿಗರೆಯ ಹಾಗೆ ನೆಗೆಯುತ್ತಾರೆ.

ಆ ಮಧ್ಯಾಹ್ನ ಅವರು ಕೊನೆಯದಾಗಿ ಕಿತ್ತದ್ದು ಮುಂಗೋಣೆಯ ಕಂಪ್ಯೂಟರಿನ ಪಿನ್ನು. ಕೆಲಸ ನಡೆದಿದೆ, ದಯವಿಟ್ಟು ಆರಿಸಬೇಡಿ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಅಪ್ಪನಿಗೆ ಇಂಗ್ಲಿಷು ಓದಲು ಬರುತ್ತದೆ. ಕನ್ನಡಕ ದೇವರ ಗೂಡಿನಲ್ಲಿತ್ತು.

"ಅಪ್ಪಾ, ಅದ್ರಾಗ ಏನೋ ನಡದೈತಿ!" ಎಂದು ನಾನು ಅಡುಗೆಮನೆಯಿಂದ ಕೂಗಿದೆ.

"ಸಿಡ್ಲು ನಿನ್ನ ಕೇಳಿ ಬರ್ತೈತೇನು? ಮೊದ್ಲು ಪಿನ್ನು, ಆಮ್ಯಾಲೆ ಮಾತು," ಎಂದರು. ವೈರು ಆಗಲೇ ನೆಲದ ಮೇಲಿತ್ತು.

ಆ ಕಂಪ್ಯೂಟರು ನನ್ನ ಅತ್ತಿಗೆಯದು. ಅತ್ತಿಗೆ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವರು. ನಮ್ಮ ಮುಂಗೋಣೆಯಲ್ಲಿ ಒಂದು ಎಂಬ್ರಾಯ್ಡರಿ ಯಂತ್ರ ಇಟ್ಟುಕೊಂಡು ಮದುಮಕ್ಕಳ ರವಿಕೆಗೆ ತೋಳು, ಬೆನ್ನು ಮಾಡಿಕೊಡುತ್ತಾರೆ. ಹೊಲಿಯುವುದು ಯಂತ್ರ, ನಿಜ. ಏನು ಹೊಲಿಯಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಹೊಲಿಗೆಯಾಗಿ ಬರೆಯುವವರು ಅತ್ತಿಗೆ. ಕುಬಟೂರಿನ ದೇವಸ್ಥಾನದ ಕಲ್ಲಿನಲ್ಲಿರುವ ಬಳ್ಳಿಯೊಂದರ ಫೋಟೊ ತೆಗೆದು ತಂದು, ತಿಂಗಳುಗಟ್ಟಲೆ ಕೂತು, ಅದು ಮೊಣಕೈಯಿಂದ ಭುಜದವರೆಗೆ ಹಬ್ಬುವ ಹಾಗೆ ಮಾಡಿದ್ದರು. ಆನವಟ್ಟಿ ಕಡೆಯ ಹೆಣ್ಣುಮಕ್ಕಳು ಅದನ್ನು ಹುಡುಕಿಕೊಂಡು ಬರುತ್ತಾರೆ. ಅಂಥ ವಿನ್ಯಾಸಗಳು ವರ್ಷಗಟ್ಟಲೆ ಕೂಡಿದವು ಎಷ್ಟೋ ಇದ್ದವು. ಎಲ್ಲವೂ ಆ ಒಂದು ಡಬ್ಬದಲ್ಲಿ.

ಡಬ್ಬದೊಳಗೆ ಎರಡು ವ್ಯವಸ್ಥೆಗಳಿದ್ದವು. ಒಂದು ವಿಂಡೋಸ್. ಅತ್ತಿಗೆಯ ಎಂಬ್ರಾಯ್ಡರಿ ತಂತ್ರಾಂಶ ಓಡುವುದು ಅದರಲ್ಲಿ ಮಾತ್ರ. ಇನ್ನೊಂದು ಲಿನಕ್ಸ್. ಅದು ಅಣ್ಣನ ಕೊಡುಗೆ. ಅಣ್ಣನಿಗೆ ಬೀಜ, ಗೊಬ್ಬರದ ಅಂಗಡಿ. ಬುದ್ಧಿವಂತರೆಲ್ಲ ಲಿನಕ್ಸ್ ಬಳಸುತ್ತಾರೆಂದು ಯಾವುದೋ ವಿಡಿಯೊದಲ್ಲಿ ನೋಡಿ, ಆ ಪಂಕ್ತಿಯಲ್ಲಿ ತನಗೂ ಒಂದು ಎಲೆ ಹಾಕಿಸಿಕೊಂಡಿದ್ದ. ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಬೂಟ್ ಮೆನು ಬರುತ್ತಿತ್ತು: ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್. ಬೇಕಾದ್ದನ್ನು ಆರಿಸಿ ಒಳಗೆ ಹೋಗಬೇಕು. ಅತ್ತಿಗೆ ದಿನಾ ಒಂದು ಸಾಲು ಕೆಳಗಿಳಿದು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಅಣ್ಣ ವಾರಕ್ಕೊಮ್ಮೆ ಮೇಲಿನದಕ್ಕೆ ಹೋಗಿ, ಅಪ್‌ಡೇಟ್ ಹಾಕಿ ಅದನ್ನು ಹೊಸದು ಮಾಡುತ್ತಿದ್ದ. ಬಳಸುತ್ತಿರಲಿಲ್ಲ, ಹೊಸದು ಮಾಡುತ್ತಿದ್ದ ಅಷ್ಟೇ. ಅವತ್ತೂ ಅದನ್ನು ಹಚ್ಚಿಟ್ಟು ಚಹಾ ಕುಡಿಯಲು ಹೋಗಿದ್ದ.

ಯಂತ್ರದ ಚೌಕಟ್ಟಿನಲ್ಲಿ ಆಗ ಒಂದು ರೇಷ್ಮೆ ರವಿಕೆಯ ಬಟ್ಟೆ ಬಿಗಿದಿತ್ತು. ಆನವಟ್ಟಿಯ ಒಬ್ಬ ಮದುಮಗಳದು, ಧಾರೆಯ ಸೀರೆಗೆ ಹೊಂದುವಂಥದು. ಕುಬಟೂರಿನ ಬಳ್ಳಿ ಎಡತೋಳಿಗೆ ಹಬ್ಬಿ ಮುಗಿದಿತ್ತು. ಬಲತೋಳು ಬಾಕಿ. ಮದುವೆ ಮುಂದಿನ ವಾರ.

ಮಳೆ ನಿಂತ ಮೇಲೆ ಪಿನ್ನು ಚುಚ್ಚಿ ಗುಂಡಿ ಒತ್ತಿದರೆ ಮೆನು ಬರಲಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಅರ್ಥವಾಗದ ಒಂದು ಸಾಲು, ಅದರ ಮುಂದೆ ಮಿಣುಕುವ ಒಂದು ಗೆರೆ.

"ಮಾವ, ಇದ್ರಲ್ಲಿ ಎಂತದೂ ಬರ್ತಾ ಇಲ್ಲ," ಎಂದರು ಅತ್ತಿಗೆ.

"ಸುಟ್ಟ ವಾಸ್ನಿ ಬರ್ತೈತೇನು?"

"ಇಲ್ಲ."

"ಮತ್ತೇನು? ನಾ ಕಿತ್ತಿದ್ದಕ್ಕ ಉಳೀತು ಅನ್ನು, ತಾಯಿ," ಎಂದು ಅಪ್ಪ ಕೃತಾರ್ಥರಾಗಿ ಟಿವಿಯ ಪಿನ್ನು ಚುಚ್ಚಲು ಹೋದರು.

ಅಣ್ಣ ಬಂದ. ಪರದೆಯನ್ನು ನೋಡಿದ. ಅವನ ಮುಖದಲ್ಲಿ ಒಂದು ಸಂತೋಷ ಮೂಡಿದ್ದನ್ನು ನಾನು ಕಂಡೆ, ಈ ಮನೆಯಲ್ಲಿ ತನಗೊಬ್ಬನಿಗೇ ಗೊತ್ತಿರುವ ಕಾಯಿಲೆ ಕೊನೆಗೂ ಬಂತಲ್ಲ ಎಂಬ ಸಂತೋಷ.

"ಏನಿಲ್ಲ, ಆ ಮೆನು ತೋರ್ಸೋದು ಹಾಳಾಗೈತಿ. ಹತ್ನಿಮಿಷದ ಕೆಲ್ಸ."

ಹತ್ತು ನಿಮಿಷ ಎನ್ನುವುದು ನಮ್ಮ ಅಣ್ಣನ ಏಕಮಾತ್ರ ಅಳತೆ. ಊಟಕ್ಕೆ ಬರುವುದಕ್ಕೂ ಹತ್ತು ನಿಮಿಷ, ಶಿವಮೊಗ್ಗಕ್ಕೆ ಹೋಗಿ ಬರುವುದಕ್ಕೂ ಹತ್ತು ನಿಮಿಷ. ಅವನು ಕೂತು ಏನೇನೋ ಕುಟ್ಟಿದ. ಅವನು ಏನು ಕುಟ್ಟಿದರೂ ಕಂಪ್ಯೂಟರು ಒಂದೇ ಉತ್ತರ ಕೊಟ್ಟಿತು: ಅಂಥ ಮಾತು ನನಗೆ ಗೊತ್ತಿಲ್ಲ. ಬೇಸಿಗೆ ರಜೆಯಲ್ಲಿ ಮನೆಯಲ್ಲಿದ್ದ ನಾನು, ಪಿಯು ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವಳು, ಹಿಂದೆ ನಿಂತು ಆ ಉತ್ತರವನ್ನು ಮತ್ತೆ ಮತ್ತೆ ಓದಿ ಹೇಳಿದೆ. ಅದು ಅವನಿಗೆ ಹಿಡಿಸಲಿಲ್ಲ.

"ನೀ ಸುಮ್ನಿರು. ಇದು ಡೆಬಿಟ್ಟು ಕ್ರೆಡಿಟ್ಟು ಅಲ್ಲ."

ಮರುದಿನ ಬೆಳಿಗ್ಗೆ ಮೇಜಿನ ಮೇಲಿದ್ದ ಪೆನ್‌ಡ್ರೈವ್ ಎತ್ತಿಕೊಂಡು ಗೆಳೆಯನ ಅಂಗಡಿಗೆ ಹೋದ. ಅಲ್ಲಿನ ಕಂಪ್ಯೂಟರಿನಿಂದ ಅದಕ್ಕೆ ಲಿನಕ್ಸ್ ತುಂಬಿಸಿಕೊಂಡು ಬಂದು ನಮ್ಮ ಡಬ್ಬಕ್ಕೆ ಚುಚ್ಚಿದ. ಅಷ್ಟರಲ್ಲಿ ಅತ್ತಿಗೆಗೆ ಒಂದು ದಾರಿ ಹೊಳೆದಿತ್ತು. ಎಡತೋಳನ್ನು ಹೊಲಿಯಲು ಯಂತ್ರಕ್ಕೆ ಕೊಟ್ಟ ಫೈಲು ಪೆನ್‌ಡ್ರೈವಿನಲ್ಲೇ ಇದೆಯಲ್ಲ, ಅದನ್ನೇ ಯಂತ್ರದಲ್ಲಿ ತಿರುವುಮುರುವು ಮಾಡಿದರೆ ಬಲತೋಳು. ಯಂತ್ರದ ಸ್ವಂತ ನೆನಪು ಕೆಟ್ಟು ಹೋಗಿ ಕಾಲವಾಗಿತ್ತು. ಪಿನ್ನು ಕಿತ್ತರೆ ಅದು ಎಲ್ಲವನ್ನೂ ಮರೆಯುತ್ತದೆ. ಆದರೆ ಪೆನ್‌ಡ್ರೈವ್ ಮರೆಯುವುದಿಲ್ಲ.

"ರೀ, ಯಂತ್ರಕ್ಕೆ ಹಾಕೋ ಪೆನ್‌ಡ್ರೈವ್ ಕಂಡ್ರಾ?"

"ಇದೇ ಅಲ್ಲೇನು? ಇದ್ರಾಗೇ ಲಿನಕ್ಸ್ ತುಂಬ್ಸೀನಿ."

"ಅದ್ರಲ್ಲಿ ಇದ್ದಿದ್ದು?"

"ಏನೋ ಒಂದ್ ಫೈಲ್ ಇತ್ತು. ಪೂರಾ ಅಳಿಸ್ದೇ ತುಂಬಕ್ ಬರಲ್ಲ."

ಅತ್ತಿಗೆ ಚೌಕಟ್ಟಿನ ಮೇಲಿದ್ದ ರೇಷ್ಮೆಯನ್ನು ಒಮ್ಮೆ ಮುಟ್ಟಿ ನೋಡಿದರು.

"ಆ ಏನೋ ಒಂದು ಫೈಲು ಬಲಗೈ ಕಣ್ರೀ."

ಅಣ್ಣ ಪರದೆಯ ಕಡೆಗೇ ನೋಡಿಕೊಂಡು, "ಕೈಯಾಗ ಹಾಕಿದ್ರ ಆಗಲ್ಲೇನು ಒಂದು ತೋಳು?" ಎಂದ. ಯಂತ್ರದ ಸೂಜಿ ಸಾವಿರಾರು ಸಲ ಇಳಿದು ಮಾಡಿದ ಬಳ್ಳಿಯ ಪಕ್ಕಕ್ಕೆ ಕೈಯಲ್ಲಿ ಹೊಲಿದ ಬಳ್ಳಿ! ಹಾಗೆ ಮಾಡಿದ್ದರೆ ಮದುಮಗಳು ಒಂದು ಕಡೆಯಿಂದ ಕುಬಟೂರಿನ ಕಲ್ಲಿನಂತೆಯೂ ಇನ್ನೊಂದು ಕಡೆಯಿಂದ ಅಂಗನವಾಡಿಯ ಗೋಡೆಯಂತೆಯೂ ಕಾಣುತ್ತಿದ್ದಳು.

ಅವನ ಪೆನ್‌ಡ್ರೈವಿನಿಂದಲೂ ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಣ್ಣ ಎದ್ದು ನಿಂತು, "ಹಾರ್ಡ್‌ಡಿಸ್ಕೇ ಹೋಗೈತಿ," ಎಂದು ಘೋಷಿಸಿದ. ತನ್ನ ಕೈಯಲ್ಲಿ ವಾಸಿಯಾಗದ ರೋಗಿ ಸತ್ತಿದ್ದಾನೆಂದು ಬರೆದುಕೊಡುವ ವೈದ್ಯರ ಜಾತಿ ಅದು. ಅಂಗಡಿಗೆ ಹೋದ.

ಸುದ್ದಿ ಬೀದಿಗೆ ಹೋಯಿತು. ಪಕ್ಕದ ಮನೆಯ ಹಿರಿಯರು ಬಂದು ಕೈ ಹಿಂದೆ ಕಟ್ಟಿಕೊಂಡು ಪರದೆಯ ಮುಂದೆ ನಿಂತರು.

"ನಮ್ಮ ಹುಡುಗಂದೂ ಹಿಂಗೇ ಆಗಿತ್ತು ನೋಡ್ರಿ. ಡಿಟ್ಟೋ."

"ಹೌದಾ? ಏನ್ ಮಾಡಿದ್ರಿ?" ಎಂದೆ ನಾನು ಆಸೆಯಿಂದ.

"ಹೊಸದು ತಗಂಡ್ವಿ."

ಅವರು ಹೋಗುವಾಗ, ಅಮಾವಾಸ್ಯೆ ಕಳೆದ ಮೇಲೆ ರಿಪೇರಿಗೆ ಕೊಡಿ ಎಂದು ಅಪ್ಪನಿಗೆ ಹೇಳಿಹೋದರು. ಅಪ್ಪ ತಲೆ ಆಡಿಸಿದರು. ಎರಡು ದಿನದಿಂದ ಅಪ್ಪ ಎಲ್ಲದಕ್ಕೂ ತಲೆ ಆಡಿಸುತ್ತಿದ್ದರು. ಪಿನ್ನಿನ ವಿಷಯ ಯಾರೂ ಎತ್ತದಿದ್ದರೆ ಸಾಕಾಗಿತ್ತು.

ಆನವಟ್ಟಿಯಿಂದ ಮದುಮಗಳ ತಾಯಿ ದಿನಾ ಫೋನು ಮಾಡುತ್ತಿದ್ದರು. ಅತ್ತಿಗೆ ಧ್ವನಿಯಲ್ಲಿ ಒಂದು ಎಳೆಯೂ ಹೆಚ್ಚುಕಡಿಮೆಯಾಗದಂತೆ ಮಾತಾಡುತ್ತಿದ್ದರು.

"ಅಕ್ಕೋರೇ, ತೋಳು ಆಯ್ತಾ?"

"ಒಂದು ಆಗಿದೆ. ಬಹಳ ಚೆಂದ ಬಂದಿದೆ."

"ಇನ್ನೊಂದು?"

"ಅದೂ ಹಂಗೇ ಬರತ್ತೆ."

ಫೋನಿಟ್ಟ ಮೇಲೆ ಅವರು ಯಂತ್ರದ ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿದ್ದರು. ಒಂದು ಸಲ ನನಗೆ ಹೇಳಿದರು: "ಈ ಜಂಪರ್ ಹಾಳಾದ್ರೆ ಇನ್ನೊಂದು ಬಟ್ಟೆ ತರಬಹುದು. ಒಳಗಿರೋದೆಲ್ಲ ಹೋದ್ರೆ, ನಾನು ಮತ್ತೆ ಬರೀ ಗುಂಡಿ ಹಚ್ಚೋಳು ಆಗ್ತೀನಿ ನೋಡು." ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಸೊರಬದಲ್ಲಿ ಒಬ್ಬ ಇದ್ದಾನೆ, ಎಂಥದನ್ನೂ ಸರಿ ಮಾಡುತ್ತಾನೆ ಎಂದು ಅತ್ತಿಗೆಯ ತವರಿನವರು ಹೇಳಿದರು. ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ನಾವಿಬ್ಬರು ಬಸ್ಸು ಹತ್ತಿದೆವು. ಗಂಟು ಅತ್ತಿಗೆಯ ಮಡಿಲಲ್ಲಿತ್ತು. ಕಂಡಕ್ಟರ್ ಅದನ್ನು ದಿಟ್ಟಿಸಿದ.

"ಏನ್ರಿ ಅಕ್ಕಾರೆ ಗಂಟಿನಾಗ? ಕೋಳಿನಾ?"

"ಕಂಪ್ಯೂಟರ್."

"ಕೋಳಿ ಆದ್ರೂ ಟಿಕೆಟ್ಟೇ, ಕಂಪ್ಯೂಟರ್ ಆದ್ರೂ ಟಿಕೆಟ್ಟೇ. ನಿಮಗ ಫ್ರೀ, ಅದಕ್ಕಿಲ್ಲ."

"ಅದೂ ಹೆಂಗಸರದ್ದೇ," ಎಂದರು ಅತ್ತಿಗೆ. ಸುತ್ತಲಿನವರು ನಕ್ಕರು. ಟಿಕೆಟ್ ಮಾತ್ರ ಹರಿದೇ ಹರಿದ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ ತಲುಪಿದಾಗ ಮಧ್ಯಾಹ್ನ. ಮೋಡ ಕಟ್ಟುತ್ತಿತ್ತು. ಅಂಗಡಿ ಸಣ್ಣದು. ಜೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಸೈಜು ಫೋಟೊ, ಕಂಪ್ಯೂಟರು, ಪ್ರಿಂಟರು, ಎಲ್ಲಕ್ಕೂ ಒಬ್ಬನೇ ಮನುಷ್ಯ. ಬಂದವರೆಲ್ಲ ಅವನನ್ನು ಎಂಜಿನಿಯರ್ರೇ ಎಂದು ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಒಂದು ಕಿವಿಯಲ್ಲಿ ಇಯರ್‌ಫೋನಿನ ಗುಬುಟು, ಎದುರಿಗೆ ಪೇಪರಿನ ಮೇಲೆ ಖಾರ ಮಂಡಕ್ಕಿ.

"ಒಳಗಿದ್ದದ್ದು ಎಂತದೂ ಹೋಗಬಾರ್ದು," ಎಂದರು ಅತ್ತಿಗೆ. "ಶುರುವಿಗೆ ಬರೋ ಆ ಎರಡು ಹೆಸರು ವಾಪಸ್ ಬಂದ್ರೆ ಸಾಕು."

"ಎಂತ ಆಗಲ್ಲ ಮೇಡಂ. ಡೇಟಾ ಎಲ್ಲಿ ಹೋಗತ್ತೆ? ಡಬ್ಬದಲ್ಲೇ ಇರತ್ತೆ."

ಅವನು ತನ್ನದೊಂದು ಪೆನ್‌ಡ್ರೈವ್ ಚುಚ್ಚಿದ. ಪರದೆ ಬೆಳಗಿತು. ಒಂದು ಪುಟ ಬಂದರೆ ಮುಂದೆ ಒತ್ತುತ್ತಿದ್ದ, ಇನ್ನೊಂದು ಬಂದರೆ ಮುಂದೆ ಒತ್ತುತ್ತಿದ್ದ, ಓದುತ್ತಿರಲಿಲ್ಲ. ನಮ್ಮಲ್ಲಿ ಕೆಲಸ ಬಲ್ಲವನ ಗುರುತು ಅದೇ: ಓದದೆ ಒತ್ತುವುದು. ಓದುವವನನ್ನು ಕಂಡರೆ, ಪಾಪ ಕಲಿಯುತ್ತಿದ್ದಾನೆ ಎನ್ನುತ್ತಾರೆ. ಹಾಗೆ ಒತ್ತುತ್ತ ಒತ್ತುತ್ತ ಒಂದು ಪುಟ ನಿಂತಿತು. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಪಡೆಯಲಾಗುವುದಿಲ್ಲ, ಮುಂದುವರಿಯಲೇ ಎಂದು ಅದು ಕೇಳುತ್ತಿತ್ತು. ಇಂಗ್ಲಿಷಿನಲ್ಲಿ, ಎಲ್‌ಕೆಜಿ ಮಗುವಿಗೂ ತಿಳಿಯುವಷ್ಟು ಸರಳವಾಗಿ.

"ಸರ್, ಎಲ್ಲ ಅಳಿಸ್ತೀನಿ ಅಂತಿದೆ ಅದು," ಎಂದೆ.

"ಅದು ಹಂಗೇ ಬರತ್ತೆ ಮೇಡಂ. ಎಲ್ರಿಗೂ ಬರತ್ತೆ."

"ಸರ್, ಒಂದ್ನಿಮಿಷ, ಓದಿ."

"ಹತ್ತು ವರ್ಷದಿಂದ ಇದೇ ಮಾಡ್ತಾ ಇದ್ದೀನಿ ಮೇಡಂ," ಎಂದವನು ಮಂಡಕ್ಕಿಯ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಖಾರದ ಎಣ್ಣೆ ಹತ್ತಿದ ತೋರುಬೆರಳನ್ನು ಎಂಟರ್ ಕೀಲಿಯ ಮೇಲೆ ಇಟ್ಟ. ಒತ್ತಲಿಲ್ಲ, ಇಟ್ಟ. ಅಷ್ಟರಲ್ಲಿ ಜೆರಾಕ್ಸಿಗೆ ಬಂದ ಹೆಂಗಸೊಬ್ಬರು ಪಹಣಿ ಎರಡು ಕಾಪಿ ಬೇಕು ಎಂದರು. ಅವನು ಬೆರಳನ್ನು ಅಲ್ಲೇ ಬಿಟ್ಟು ತಲೆಯನ್ನು ಮಾತ್ರ ಅತ್ತ ತಿರುಗಿಸಿ, "ಎರಡೂ ಕಡೆನಾ, ಒಂದೇ ಕಡೆನಾ?" ಎಂದು ಕೇಳಿದ.

ಆ ಬೆರಳು ನನಗೆ ಇವತ್ತಿಗೂ ಕಾಣುತ್ತದೆ. ಉಗುರಿನ ಅಂಚಿನಲ್ಲಿ ಅರಿಸಿನದ ಬಣ್ಣ, ಗೆಣ್ಣಿನ ಮೇಲೆ ಒಂದು ಮಂಡಕ್ಕಿ ಕಾಳು. ಅದು ತುಸು ಭಾರ ಬಿಟ್ಟಿದ್ದರೆ ಸಾಕಿತ್ತು. ಸೀನು ಬಂದಿದ್ದರೆ ಸಾಕಿತ್ತು. ಆ ಹೆಂಗಸು ಒಂದೇ ಕಡೆ ಎಂದು ಬೇಗ ಹೇಳಿದ್ದರೆ ಸಾಕಿತ್ತು. ಅವರು ಪುಣ್ಯಾತ್ಗಿತ್ತಿ, ಪಹಣಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತರಗತಿಯಲ್ಲಿ ಎಂಬತ್ತು ಮಕ್ಕಳನ್ನು ಒಂದು ಗದರಿಕೆಗೆ ಕೂರಿಸುವ ಗಂಟಲು ಅಲ್ಲಿ ಮತ್ತೊಂದು 'ಸರ್' ಎಂದು ಹೇಳಿ ಮುಗಿಯಿತು.

"ಅಯ್ಯಯ್ಯೋ, ಗುಡುಗ್ತು! ಸಿಡ್ಲು!" ಎಂದು ಅತ್ತಿಗೆ ಕೂಗಿದರು.

ಮುಂದಿನದು ನಡೆದದ್ದು ಯಾರ ಯೋಚನೆಯಿಂದಲೂ ಅಲ್ಲ. ಎಂಜಿನಿಯರನ ಕೈ ಎಂಟರನ್ನು ಬಿಟ್ಟು ಮೇಜಿನ ಕೆಳಗೆ ಹೋಯಿತು. ಒಂದು, ಎರಡು, ಮೂರು ಪಿನ್ನುಗಳು ಪಟಪಟನೆ ಹೊರಬಂದವು. ಪರದೆ ಕಪ್ಪಾಯಿತು. ಜೆರಾಕ್ಸು ಹಿಂದಿನವರ ಅರ್ಧ ಕಾಗದವನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿತು. ಪಕ್ಕದ ಜ್ಯೂಸಿನಂಗಡಿಯ ಮಿಕ್ಸಿಯ ಸದ್ದೂ ನಿಂತಿತು. ಫ್ಯಾನು ಕೊನೆಯ ಸುತ್ತುಗಳನ್ನು ಸುತ್ತುವಾಗ ಬೀದಿಯೆಲ್ಲ ಕಿವಿಗೊಟ್ಟಿತು. ಗುಡುಗು ಇರಲಿಲ್ಲ. ದೂರದಲ್ಲೆಲ್ಲೋ ನಾಯಿ ಬೊಗಳುತ್ತಿತ್ತು.

"ಹೌದೌದು, ನಂಗೂ ಕೇಳ್ತು," ಎಂದರು ಪಹಣಿಯ ಹೆಂಗಸು. "ಚಂದ್ರಗುತ್ತಿ ಕಡೆ."

ಅತ್ತಿಗೆ ಆಗಲೇ ಡಬ್ಬದ ವೈರು ಬಿಚ್ಚಿ ಬೆಡ್‌ಶೀಟು ಸುತ್ತುತ್ತಿದ್ದರು.

"ಕೂತ್ಕೊಳಿ ಮೇಡಂ, ಗುಡುಗು ಹೋದ್ಮೇಲೆ ಒಂದೇ ಒಂದು ಎಂಟರ್, ಮುಗೀತು."

"ಮುಗಿಯದೇ ಬೇಡ ಮಾರಾಯ್ರೆ. ಮಳೆ ಬರದ್ರೊಳಗೆ ಬಸ್ ಹಿಡಿಬೇಕು."

ಬಸ್ಸು ಊರು ದಾಟುವವರೆಗೆ ನಾನು ಸೀಟಿನ ಕಂಬಿ ಬಿಡಲಿಲ್ಲ.

"ಅತ್ತಿಗೆ, ನಿಜವಾಗ್ಲೂ ಗುಡುಗ್ತಾ?"

"ನಿಂಗೆ ಕೇಳ್ಲಿಲ್ವಾ?"

"ಇಲ್ಲ."

"ನಂಗೂ ಇಲ್ಲ."

ಗಂಟನ್ನು ಮಡಿಲಲ್ಲಿ ಸರಿಮಾಡಿಕೊಂಡು ಅವರೇ ಹೇಳಿದರು: "ಪರದೆ ಮೇಲೆ ಎಂತ ಬರೆದಿತ್ತು ಅಂತ ನಾನು ನೋಡ್ಲಿಲ್ಲ. ನಿನ್ನ ಮುಖ ನೋಡ್ದೆ. ಆ ಮನುಷ್ಯನಿಗೆ ನಿಲ್ಸು ಅಂದ್ರೆ ನಿಲ್ಸಲ್ಲ, ಓದು ಅಂದ್ರೆ ಓದಲ್ಲ. ಗುಡುಗು ಅಂದ್ರೆ ಮಾತ್ರ ಯಾರೂ ಎದುರು ಮಾತಾಡಲ್ಲ. ಮಾವನ್ನ ನೋಡಿಲ್ವಾ?"

ಮರುದಿನ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಇನ್ನು ಯಾರ ಕೈಗೂ ಕೊಡುವುದಿಲ್ಲ ಎಂದರು ಅತ್ತಿಗೆ. ನಾವೇ ಕೂತೆವು. ಅಪ್ಪನನ್ನು ಜಗುಲಿಯ ಮೇಲೆ ಕೂರಿಸಿ, ಗುಡುಗಿದರೆ ಮೊದಲು ನಮಗೆ ಹೇಳಬೇಕು, ಪಿನ್ನು ಮುಟ್ಟಕೂಡದು ಎಂದೆವು.

"ನನ್ನೇನು ಕಾಗಿ ಓಡ್ಸಾಕ ಕುಂದರ್ಸೀರೇನು?" ಎಂದು ಅಪ್ಪ ಸಿಟ್ಟಾದರು. ಕೂತರು ಮಾತ್ರ.

ನಾನು ಹಿಂದಿನ ರಾತ್ರಿಯೇ ಫೋನಿನಲ್ಲಿ ಕಣ್ಣು ಉರಿಯುವವರೆಗೆ ಓದಿದ್ದೆ. ಅಂತರ್ಜಾಲದ ಸಲಹೆಗಾರರು ನಮ್ಮ ಬೀದಿಯವರಿಗಿಂತ ಉತ್ತಮರೇನಲ್ಲ. ಒಬ್ಬ ಹೀಗೆ ಮಾಡಿ, ನನಗೆ ಸರಿಹೋಯಿತು ಎಂದಿರುತ್ತಾನೆ. ಅವನ ಕೆಳಗೇ ಇನ್ನೊಬ್ಬ, ನಿನ್ನ ಮಾತು ಕೇಳಿ ನನ್ನದೆಲ್ಲ ಹೋಯಿತು ಎಂದು ಅತ್ತಿರುತ್ತಾನೆ. ಮೊದಲನೆಯವನು ಮತ್ತೆ ಬಂದಿರುವುದಿಲ್ಲ. ಆದರೂ ಹತ್ತು ಕಡೆ ಒಂದೇ ರೀತಿ ಹೇಳಿದ್ದನ್ನು ಹಿಡಿದುಕೊಂಡೆ. ಅಣ್ಣನ ಪೆನ್‌ಡ್ರೈವಿನಲ್ಲೇ, ಅವನು ಗಮನಿಸದೆ ಹಾದುಹೋದ ಮೊದಲ ಸಾಲಿನಲ್ಲಿ, ಏನನ್ನೂ ಅಳವಡಿಸದೆ ಸುಮ್ಮನೆ ಒಳಗೆ ನೋಡುವ ಆಯ್ಕೆ ಇತ್ತು. ಅದನ್ನು ಒತ್ತಿದರೆ ಲಿನಕ್ಸ್ ಪೆನ್‌ಡ್ರೈವಿನಿಂದಲೇ ತೆರೆದುಕೊಂಡಿತು. ಸತ್ತುಹೋಗಿದೆ ಎಂದು ಅಣ್ಣ ಸಾರಿದ್ದ ಹಾರ್ಡ್‌ಡಿಸ್ಕು ಅಲ್ಲೇ ಬದಿಯಲ್ಲಿ ಕಾಣಿಸಿತು. ಒಳಗೆ ಹೋದೆವು. ಅತ್ತಿಗೆಯ ಫೋಲ್ಡರು ಇತ್ತು. ಎಲ್ಲವೂ ಇದ್ದವು.

ಮೊದಲು ಅದಷ್ಟನ್ನೂ, ಶಿಕಾರಿಪುರದ ಪೇಟೆಯಿಂದ ತಂದ ಹೊಸ ಡಿಸ್ಕೊಂದಕ್ಕೆ ನಕಲು ಮಾಡಿದೆವು. ಅತ್ತಿಗೆ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಆದರೆ ತೋಳು ಇನ್ನೂ ದೂರವೇ ಇತ್ತು. ಆ ಫೈಲುಗಳನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸಿ ಕೊಡುವುದು ವಿಂಡೋಸಿನಲ್ಲಿರುವ ತಂತ್ರಾಂಶ, ವಿಂಡೋಸಿಗೆ ಹೋಗಬೇಕಾದರೆ ಮೆನು ಬೇಕು.

ಮೆನುವನ್ನು ಮತ್ತೆ ಬರೆಸಲು ಕೆಲವು ಸಾಲುಗಳನ್ನು ಕುಟ್ಟಬೇಕಿತ್ತು. ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು: ನಾನು ಕುಟ್ಟುವುದು, ಅತ್ತಿಗೆ ಫೋನಿನಲ್ಲಿರುವುದನ್ನೂ ಪರದೆಯಲ್ಲಿರುವುದನ್ನೂ ಅಕ್ಷರ ಅಕ್ಷರ ಹೋಲಿಸುವುದು, ಇಬ್ಬರೂ ಒಪ್ಪಿದ ಮೇಲೆಯೇ ಎಂಟರ್.

"ಒತ್ತಲಾ?"

"ತಡಿ. ಇಲ್ಲೊಂದು ಜಾಗ ಬಿಡಬೇಕು. ಹ್ಞಾಂ. ಈಗ ಒತ್ತು."

ಹೀಗೆ ಕೊನೆಯ ಸಾಲೂ ಮುಗಿಯಿತು. ತಪ್ಪೇನೂ ಆಗಿಲ್ಲ ಎಂದು ಕಂಪ್ಯೂಟರು ಹೇಳಿತು. ಪೆನ್‌ಡ್ರೈವ್ ಕಿತ್ತು ಗುಂಡಿ ಒತ್ತಿದೆವು.

ಮೆನು ಬಂತು. ಅದರಲ್ಲಿ ಲಿನಕ್ಸ್ ಇತ್ತು. ವಿಂಡೋಸ್ ಇರಲಿಲ್ಲ.

ಊಟಕ್ಕೆ ಬಂದಿದ್ದ ಅಣ್ಣ ಬಾಗಿಲಲ್ಲಿ ನಿಂತು ನೋಡಿದ. "ನಾ ಹೇಳಿರ್ಲಿಲ್ಲೇನು? ವಿಂಡೋಸ್ ಹೋಗೈತಿ ಅಂತ."

"ನೀ ಹೇಳಿದ್ದು ಹಾರ್ಡ್‌ಡಿಸ್ಕ್ ಹೋಗೈತಿ ಅಂತ," ಎಂದೆ.

"ಎರಡೂ ಒಂದೇ."

"ಎರಡೂ ಒಂದೇ ಆಗಿದ್ರೆ ನಿಮ್ಮ ಲಿನಕ್ಸ್ ಹೆಂಗೆ ಬಂತು?" ಎಂದರು ಅತ್ತಿಗೆ, ತಿರುಗಿ ನೋಡದೆ. "ಸಾರು ಒಲೆ ಮೇಲಿದೆ, ಬಡಿಸ್ಕೊಳ್ಳಿ."

ಅವನು ಊಟ ಮಾಡುವಷ್ಟು ಹೊತ್ತು ನಾನು ಮತ್ತೆ ಓದಿದೆ. ಈಗಿನ ಲಿನಕ್ಸ್, ಮೆನು ಬರೆಯುವಾಗ ಪಕ್ಕದಲ್ಲಿ ಬೇರೆ ವ್ಯವಸ್ಥೆ ಇದೆಯೇ ಎಂದು ತಾನಾಗಿ ಹುಡುಕುವುದಿಲ್ಲವಂತೆ. ಹುಡುಕು ಎಂದು ನಾವೇ ಒಂದು ಫೈಲಿನಲ್ಲಿ ಬರೆದುಕೊಡಬೇಕು. ಒಂದೇ ಮನೆಯಲ್ಲಿದ್ದುಕೊಂಡು ಪಕ್ಕದ ಕೋಣೆಯಲ್ಲಿ ದುಡಿಯುವವರನ್ನು ಕೇಳಿದರಷ್ಟೇ ಕಾಣುವ ಈ ಗುಣ ನನಗೆ ಹೊಸದೇನಾಗಿರಲಿಲ್ಲ. ಅದು ಒಳಗೆ ಕೂತು ಸಾರು ಸುರಿಯುತ್ತಿತ್ತು. ಆ ಒಂದು ಸಾಲು ಬರೆದೆವು. ಒತ್ತಲಾ ಎಂದೆ. ಒತ್ತು ಎಂದರು.

ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್.

ಅತ್ತಿಗೆ ಬಾಣದ ಗುರುತು ಒತ್ತಿ ಒಂದು ಸಾಲು ಕೆಳಗಿಳಿದರು. ಸ್ವಲ್ಪ ಹೊತ್ತಿನಲ್ಲಿ ಕುಬಟೂರಿನ ಬಳ್ಳಿ ಪರದೆಯ ತುಂಬ ಹಬ್ಬಿತು. ಅವರು ಅದನ್ನು ಹಾಗೇ ನೋಡುತ್ತ ಕೂತರು, ಊರಿಗೆ ಹೋದ ಮಗು ತೆಳ್ಳಗಾಗಿ ಬಂದಿದೆಯೇ ಎಂದು ನೋಡುವ ಹಾಗೆ. ಆಮೇಲೆ ಅದನ್ನು ಬಲಕ್ಕೆ ತಿರುಗಿಸಿದರು. ಮಧ್ಯಾಹ್ನ ಯಂತ್ರ ಟಕಟಕ ಶುರುಮಾಡಿದಾಗ ಜಗುಲಿಯಿಂದ ಅಪ್ಪ ಕೂಗಿದರು: "ನಾ ಎದ್ರ ನಡಿತೈತೇನು ಈಗ?" ಅವರನ್ನು ಅಲ್ಲಿ ಕೂರಿಸಿದ್ದನ್ನೇ ನಾವು ಮರೆತಿದ್ದೆವು.

ರವಿಕೆ ಹೊತ್ತಿಗೆ ಸರಿಯಾಗಿ ಆನವಟ್ಟಿಗೆ ಹೋಯಿತು. ಮದುವೆಗೆ ನಾವೂ ಹೋಗಿದ್ದೆವು. ಧಾರೆಯ ಹೊತ್ತಿಗೆ ಮದುಮಗಳ ಬಲತೋಳು ಮೊಣಕೈಯವರೆಗೂ ಹಾರದ ಕೆಳಗೆ ಮುಚ್ಚಿಹೋಗಿತ್ತು. ಎರಡೂ ತೋಳು ಒಂದೇ ಥರ ಇವೆಯೇ ಎಂದು ನೋಡಿದವರು ಆ ಛತ್ರದಲ್ಲಿ ನಾವಿಬ್ಬರೇ. ಊಟದ ಸಾಲಿನಲ್ಲಿ ಅಣ್ಣ ಪಕ್ಕದವರಿಗೆ ಹೇಳುತ್ತಿದ್ದ: "ಮೆನು ಹೋಗಿತ್ತು ಅಷ್ಟೇ. ನಮ್ಮ ಪೆನ್‌ಡ್ರೈವ್‌ನಾಗೇ ಸರಿ ಮಾಡಿದ್ವಿ." ಸುಳ್ಳೇನಲ್ಲ. ಅತ್ತಿಗೆ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಬಾಯಿ ಮುಚ್ಚಲು ಹೋಳಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ.

ಎಲ್ಲ ಮುಗಿದ ಮೇಲೂ ನನಗೆ ನಿದ್ದೆ ಬರಲಿಲ್ಲ. ಕಣ್ಣು ಹತ್ತುವ ಹೊತ್ತಿಗೆ ಆ ಬೆರಳು ಬರುತ್ತಿತ್ತು, ಗೆಣ್ಣಿನ ಮೇಲಿನ ಮಂಡಕ್ಕಿ ಕಾಳಿನ ಸಮೇತ. ನಾನು 'ಸರ್' ಎನ್ನುತ್ತಿದ್ದೆ. ಅವನು ಎರಡೂ ಕಡೆನಾ ಎನ್ನುತ್ತಿದ್ದ. ಕನಸಿನ ಸೊರಬದಲ್ಲಿ ಯಾರೂ ಗುಡುಗು ಎಂದು ಕೂಗುತ್ತಿರಲಿಲ್ಲ. ನಿಜವಾಗಿ ಗುಡುಗಿದ ರಾತ್ರಿಗಳಲ್ಲಂತೂ ಅಪ್ಪನಿಗಿಂತ ಮೊದಲು ನಾನೇ ಎದ್ದು ಕೂರುತ್ತಿದ್ದೆ. ಇದನ್ನು ಹೇಳಿದರೆ ಅಣ್ಣ ನಗುತ್ತಿದ್ದ. "ಏನೂ ಹೋಗ್ಲಿಲ್ಲಲ್ಲ, ಮತ್ತೇನು?" ಏನೂ ಹೋಗಲಿಲ್ಲ ಎಂಬುದು ಹೋಗದೆ ಉಳಿದ ಮೇಲೆ ಹೇಳುವ ಮಾತು. ಬೆರಳಿನ ಕೆಳಗೆ ನಿಂತವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಅತ್ತಿಗೆ ನಗಲಿಲ್ಲ. ಒಂದು ದಿನ ಇನ್ನೊಂದು ಡಿಸ್ಕು ತಂದು, ಎಲ್ಲವನ್ನೂ ಮತ್ತೊಮ್ಮೆ ನಕಲು ಮಾಡಿ, ಒಂದೊಂದನ್ನೂ ನನ್ನೆದುರಿಗೆ ತೆರೆದು ತೋರಿಸಿದರು. ಆಮೇಲೆ ಅದನ್ನು ಕುಪ್ಪಗಡ್ಡೆಗೆ ಒಯ್ದು, ತಮ್ಮ ತಾಯಿಯ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು ಬಂದರು. ಅವರ ತಾಯಿ ಅದಕ್ಕೆ ಕುಂಕುಮ ಹಚ್ಚಿದರಂತೆ.

"ಅಲ್ಲಿ ಎಂಜಿನಿಯರ್‌ಗಳು ಯಾರೂ ಇಲ್ಲ," ಎಂದರು ಅತ್ತಿಗೆ. "ಪಿನ್ನೂ ಇಲ್ಲ ಅದಕ್ಕೆ. ಮಲಗು ಇನ್ನು."

ಅದು ಕಾಲೇಜು ಶುರುವಾದ ವಾರ, ಮಂಗಳವಾರ. ಬುಧವಾರ ನಾನು ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಅಂಗಳದಲ್ಲಿ ತೆಂಗಿನ ಗರಿಗಳು ಮುರಿದು ಬಿದ್ದಿದ್ದವು. ರಾತ್ರಿಯೆಲ್ಲ ಗುಡುಗಿತಂತೆ, ಪೇಟೆಯ ಕಡೆ ಒಂದು ಕಂಬಕ್ಕೆ ಸಿಡಿಲೂ ಬಡಿಯಿತಂತೆ. ನನಗೆ ಒಂದೂ ಕೇಳಿಸಿರಲಿಲ್ಲ. ಫೋನು ಸತ್ತಿತ್ತು, ಆದ್ದರಿಂದ ಅಲಾರಂ ಹೊಡೆದಿರಲಿಲ್ಲ; ಮೊದಲ ಪಿರಿಯಡ್ ಆಗಲೇ ಮುಗಿದಿರಬೇಕು. ಚಾರ್ಜರಿನ ವೈರು ಗೋಡೆಯಿಂದ ಒಂದು ಮೊಳ ಆಚೆ, ನೆಲದ ಮೇಲೆ ಬಿದ್ದಿತ್ತು.